ಮಿನ್ಯೊ ನುಂಗಿದ ಗುಟುಕು

ಜೀಪ್ನಿ ಎಂಬ ಪುಟ್ಟ ಬಸ್ಸು ಓಡಿಸುವ ಮಿನ್ಯೊಗೆ ಒಂದು ಕಡೆ ಕೂತು ಉಂಡ ನೆನಪೇ ಇರಲಿಲ್ಲ. ಲುಸೇನಾ ನಿಲ್ದಾಣದಲ್ಲಿ ಜನ ಹತ್ತಿ ಇಳಿಯುವಷ್ಟರಲ್ಲಿ ಅನ್ನ, ಹುರಿದ ಮೀನು ಎರಡನ್ನೂ ಮುಗಿಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ನೀರು ಕುಡಿಯುವುದೂ ಹಾಗೆಯೇ, ಬಾಟ್ಲಿ ಎತ್ತಿದರೆ ಗಟಗಟ.

ಹೆಂಡತಿ ಲುಸಿಂಗ್ ಸಂತೆಗೆಂದು ಕುತ್ಸಿಂತ ಮಾಡುತ್ತಿದ್ದಳು. ಆ ಅಕ್ಕಿ ಕಡುಬು ಕಂದು ಬಣ್ಣಕ್ಕೆ ತಿರುಗಿ ಜಿಗುಟಾಗಲು ಹಿಟ್ಟಿಗೆ ಒಂದೆರಡು ತೊಟ್ಟು ಕ್ಷಾರದ ನೀರು ಬೀಳಬೇಕು. ಅದನ್ನು ಊರಲ್ಲಿ ಎಲ್ಲರೂ ಹಳೇ ತಂಪುಪಾನೀಯದ ಬಾಟ್ಲಿಯಲ್ಲೇ ಇಡುವವರು. ಬೇಸಿಗೆಯ ಒಂದು ಮಧ್ಯಾಹ್ನ ಬೆವರಿಳಿಸುತ್ತ ಬಂದ ಮಿನ್ಯೊ ಒಲೆ ಪಕ್ಕದ ಬಾಟ್ಲಿಯನ್ನು ಎತ್ತಿಯೇಬಿಟ್ಟ. ಮೊದಲ ಗುಟುಕು ಒಳಗೆ ಹೋಯಿತು. ಎರಡನೆಯದನ್ನು ಉಗುಳಿದ, ಅದರ ಜೊತೆ ರಕ್ತವೂ ಬಂತು.

ಜೀವ ಉಳಿಯಿತು. ಆದರೆ ಒಳಗಿನ ಸುಟ್ಟಗಾಯ ಮಾಯುತ್ತ ಮಾಯುತ್ತ ಅನ್ನನಾಳವನ್ನು ಬಿಗಿಯತೊಡಗಿತು. ಮೊದಲು ಮಾಂಸ ಎದೆಯಲ್ಲಿ ನಿಂತಿತು. ಆಮೇಲೆ ಅನ್ನ, ಆಮೇಲೆ ಗಂಜಿ. ನೀರೂ ಮೂಗಿಗೆ ಬರುವಂತಾದಾಗ ಲುಸಿಂಗ್ ಅವನನ್ನು ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರ್ ಎವಾರ್ದೋನೆ ಸಣ್ಣಗಿನ, ಮೆಲುದನಿಯ ಹೆಂಗಸು. ಬಾಯಿಂದ ತೆಳ್ಳನೆ ಕೊಳವೆ ಇಳಿಸಿ ನೋಡಿದರು. ನಾಳ ಹೀರುಕೊಳವೆಯಷ್ಟು ಸಣ್ಣದಾಗಿದೆ, ಅದೇ ದಾರಿಯಲ್ಲಿ ಪುಟ್ಟ ಬಲೂನು ಕಳಿಸಿ ಅಲ್ಲೇ ಉಬ್ಬಿಸಿ ಹಿಗ್ಗಿಸಬೇಕು, ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಎಂದರು.

"ಒಂದೇ ಸಲಕ್ಕೆ ಪೂರ್ತಿ ಉಬ್ಬಿಸಿಬಿಡಿ ಡಾಕ್ಟ್ರೇ. ನಾನು ಟೈರಿಗೆ ಅರ್ಧ ಗಾಳಿ ಹೊಡೆಸೋ ಪೈಕಿ ಅಲ್ಲ."

"ಟೈರ್ ಒಡೆದ್ರೆ ಬೇರೆ ಹಾಕ್ತೀರಿ. ಇದು ಹರಿದ್ರೆ ಬೇರೆ ಎಲ್ಲಿಂದ ತರ್ಲಿ?"

ಹಾಗೆ ಶುರುವಾಯಿತು. ಉಪವಾಸ ಹೋಗುವುದು, ತನ್ನ ಸರದಿ ಬರುವವರೆಗೆ ಪಡಸಾಲೆಯಲ್ಲಿ ಶತಪಥ ತಿರುಗುವುದು, ಮತ್ತಿನಲ್ಲಿ ಮಲಗುವುದು, ಎದೆನೋವಿನೊಂದಿಗೆ ಏಳುವುದು. ಕೆಲವು ಸಲ ಆದಮೇಲೆ ಮೆತ್ತಗಿನ ಅನ್ನ ಇಳಿಯಿತು. ಮಿನ್ಯೊಗೆ ಅಷ್ಟೇ ಸಾಕಾಯಿತು. ಮುಂದಿನ ಸಲಕ್ಕೆ ಹೋಗಲಿಲ್ಲ.

"ಡಾಕ್ಟ್ರು ಬರೋಕೆ ಹೇಳಿದ್ರಲ್ಲ," ಎಂದಳು ಲುಸಿಂಗ್.

"ಗಾಡಿ ಓಡ್ತಿರೋವಾಗ ಬಾನೆಟ್ ಯಾಕೆ ಎತ್ಬೇಕು?"

ಒಳಗೆ ಮಾತ್ರ ನೆಮ್ಮದಿಯಿರಲಿಲ್ಲ. ಪ್ರತಿ ತುತ್ತಿಗೂ ಎದೆಯ ಮೇಲೆ ಕೈ ಹೋಗುತ್ತಿತ್ತು. ಮನೆಯಲ್ಲಿ ಉಣ್ಣುವುದನ್ನು ಬಿಟ್ಟು ಯಾರಿಗೂ ಕಾಣದಂತೆ ಗಾಡಿಯಲ್ಲೇ ಉಣ್ಣುತ್ತಿದ್ದ. ಅವನ ಗೆಳೆಯ ದಾದೊ, ಅದೇ ದಾರಿಯ ಚಾಲಕ, ಮಗಳ ನಾಮಕರಣಕ್ಕೆ ಕರೆದಾಗ ಇಲ್ಲವೆನ್ನಲಾಗಲಿಲ್ಲ. ಅಲ್ಲಿ ಸುಟ್ಟ ಹಂದಿಯ ಘಮ.

"ಏನಣ್ಣಾ, ಬಾಣಂತಿ ಥರ ಸಾರು ಕುಡೀತಾ ಕೂತಿದೀಯ?" ಎಂದ ದಾದೊ.

ಮಿನ್ಯೊ ಒಂದು ತುಂಡು ಬಾಯಿಗಿಟ್ಟ. ಅಗಿದ, ನುಂಗಿದ. ಅದು ಅರ್ಧದಾರಿಯಲ್ಲೇ ನಿಂತಿತು. ನೀರು ಕುಡಿದರೆ ವಾಪಸು ಬಂತು. ಸ್ವಲ್ಪ ಹೊತ್ತಿಗೆ ಉಗುಳೂ ಇಳಿಯದಾಯಿತು. ಟವೆಲನ್ನು ಬಾಯಿಗೊತ್ತಿ ಅಂಗಳದಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವನನ್ನು ದಾದೊನೇ ತನ್ನ ಗಾಡಿಗೆ ಹಾಕಿಕೊಂಡು ಹೋದ.

ತುಂಡನ್ನು ಕೊಳವೆ ಇಳಿಸಿ ತೆಗೆದರು. ನಾಳ ಮತ್ತೆ ಬಿಗಿದುಕೊಂಡಿತ್ತು. ಡಾಕ್ಟರ್ ಬೈಯಲಿಲ್ಲ. "ಮೊದ್ಲಿಂದ ಶುರು ಮಾಡೋಣ," ಎಂದರು, ಅಷ್ಟೇ. ಅದೇ ಅವನಿಗೆ ಹೆಚ್ಚು ನಾಟಿತು.

ಮದ್ದಿನ ಮತ್ತು ಇಳಿದಾಗ ಲುಸಿಂಗ್ ಮಂಚದ ಪಕ್ಕ ಇದ್ದಳು.

"ಬಾಟ್ಲಿ ಅಲ್ಲಿಟ್ಟಿದ್ದು ನಾನು," ಎಂದಳು. "ಇಷ್ಟು ದಿನ ಆದ್ರೂ ನೀನು ಒಂದು ಮಾತು ಆಡ್ಲಿಲ್ಲ. ಮನೇಲಿ ಉಣ್ಣೋದನ್ನೇ ಬಿಟ್ಟೆ. ಅದಕ್ಕಿಂತ ಬೈದಿದ್ರೆ ಚೆನ್ನಾಗಿತ್ತು."

"ಬೈಯೋಕೆ ಗಂಟ್ಲಲ್ಲಿ ಜಾಗ ಎಲ್ಲಿದೆ?"

ಅವಳು ನಗಲಿಲ್ಲ. ಮಿನ್ಯೊ ಛಾವಣಿಯ ಫ್ಯಾನ್ ನೋಡುತ್ತ ಮಲಗಿದ್ದ. ಏಳೋಣವೆಂದರೆ ಕೈಗೆ ಸೂಜಿ ಚುಚ್ಚಿದ್ದರು. ಓಡಿಹೋಗಲು ಎಲ್ಲೂ ದಾರಿ ಇರಲಿಲ್ಲ.

"ಸಿಟ್ಟಿತ್ತು," ಎಂದ ಕೊನೆಗೆ. "ಅರ್ಧ ನಿನ್ನ ಮೇಲೆ, ಅರ್ಧ ನನ್ನ ಮೇಲೆ. ನೋಡ್ದೆ ಕುಡಿದೋನು ನಾನೇ ಅಲ್ವಾ. ನಿನ್ನೆದುರು ತುತ್ತು ಸಿಕ್ಕಿಕೊಂಡ್ರೆ ನಿನ್ನ ಮುಖ ನೋಡೋಕಾಗಲ್ಲ, ಅದಕ್ಕೇ ಹೊರಗೆ ಉಣ್ತಿದ್ದೆ."

ಲುಸಿಂಗ್ ಅವನ ಗಲ್ಲದ ಮೇಲಿನ ಜೊಲ್ಲು ಒರೆಸಿ, "ಸಿಕ್ಕಿಕೊಂಡ್ರೆ ನಾನೂ ನೋಡ್ತೀನಿ, ಬಿಡು," ಎಂದಳು.

ಆಮೇಲೆ ಮಿನ್ಯೊ ಒಂದು ಸಲವನ್ನೂ ತಪ್ಪಿಸಲಿಲ್ಲ. ಸಲದಿಂದ ಸಲಕ್ಕೆ ಬಲೂನಿನ ಅಳತೆ ಹೆಚ್ಚಿತು. ವಾರಗಳ ಅಂತರ ತಿಂಗಳುಗಳದ್ದಾಯಿತು. ಪೂರ್ತಿ ವಾಸಿ ಎಂದು ಡಾಕ್ಟರ್ ಇವತ್ತಿಗೂ ಹೇಳಿಲ್ಲ, ಅವನೂ ಕೇಳುವುದನ್ನು ಬಿಟ್ಟಿದ್ದಾನೆ. ಆಸ್ಪತ್ರೆಯ ದಿನ ಹತ್ತಿರವಾದರೆ ಈಗಲೂ ನಿದ್ದೆ ಸರಿ ಬರುವುದಿಲ್ಲ. ಲುಸಿಂಗ್ ಕುತ್ಸಿಂತ ಬಿಟ್ಟು ಕ್ಷಾರ ಬೇಡದ ಬಿಬಿಂಗ್ಕ ರೊಟ್ಟಿ ಬೇಯಿಸಿ ಮಾರುತ್ತಾಳೆ. ಮಧ್ಯಾಹ್ನದ ಊಟಕ್ಕೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಹುಳಿಸಾರಿನಲ್ಲಿ ನೆನೆದ ಅನ್ನ, ಮುಳ್ಳು ಬಿಡಿಸಿದ ಮೀನು. ಎರಡು ತುತ್ತು ಉಂಡು ಅವನು ಎದ್ದು ಬಾಗಿಲವರೆಗೆ ಹೋಗುತ್ತಾನೆ.

"ಇಳೀತಾ?" ಎನ್ನುತ್ತಾಳೆ ಲುಸಿಂಗ್.

"ಇಳೀತಿದೆ," ಎಂದು ವಾಪಸು ಬಂದು ಕೂರುತ್ತಾನೆ.