ಎದ್ದು ನಿಲ್ಲುವ ದಿವಾಣಜಿ

ಗಿರಣಿಯ ಮೊದಲ ಭೋಂಗಾ ಕೂಗಿದೆ. ಸೊಲ್ಲಾಪುರ ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಸಾತಲಿಂಗಪ್ಪ ಸಾವಕಾರರ ಅರಿವೆ ಅಂಗಡಿಯ ಮುಂದೆ ದಿವಾಣಜಿ ಕಾಮಣ್ಣ ಧೋತರ ಎತ್ತಿ ಕಟ್ಟಿ ಕಸ ಗುಡಿಸುತ್ತಿದ್ದಾರೆ. ಲೆಕ್ಕ ಬರೆಯುವವರ ಕೈಯಲ್ಲಿ ಪೊರಕೆ ಯಾಕೆ ಎಂದರೆ ನಗುತ್ತಾರೆ. "ಇನ್ನ ಗಾದಿ ಮ್ಯಾಲ ಕುಂತರ ಸಂಜಿತನಕ ಕುಂತದ್ದ ಅಲ್ರಿ. ಈಗರೆ ಸೊಂಟ ಬಗ್ಗಲಿ."

ಗಾದಿಯೆಂದರೆ ಬಿಳಿ ಹಾಸಿನ ಮೆತ್ತೆ, ಮುಂದೊಂದು ಗಿಡ್ಡ ಮೇಜು. ಅಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಬರೆಯುವುದೇ ದಿವಾಣಜಿಯ ಕೆಲಸ. ನಯಾ ಪೈಸೆ ಬಂದಮೇಲಂತೂ ಆಣೆಯ ಲೆಕ್ಕ ಬೇರೆ, ಪೈಸೆಯ ಲೆಕ್ಕ ಬೇರೆ. ಕೂರುವ ಹೊತ್ತು ಇನ್ನೂ ಹೆಚ್ಚಿದೆ. ಮೇಲಾಗಿ ಪೇಟೆಯಲ್ಲೊಂದು ನಂಬಿಕೆ: ವ್ಯಾಪಾರದ ಹೊತ್ತಿನಲ್ಲಿ ಗಾದಿಯವನು ಎದ್ದರೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆ. ಹಾಗಾಗಿ ನೀರು, ಎಲೆಅಡಿಕೆ ಎಲ್ಲ ಕುಳಿತಲ್ಲಿಗೇ ಬರುತ್ತವೆ. ಇದನ್ನು ಸುಖ ಅನ್ನುವವರು ಒಂದು ವಾರ ಕುಳಿತು ನೋಡಬೇಕು.

ಕಾಮಣ್ಣ ಅಕ್ಕಲಕೋಟೆ ಕಡೆಯ ಚಪಳಗಾಂವದ ಕುರಿಗಾರರ ಮಗ. ಶಾಲೆ ಕಲಿತರು, ಅಕ್ಷರ ದುಂಡಗಿತ್ತು, ಗಾದಿ ಸಿಕ್ಕಿತು. ಕುರಿಗಳ ಹಿಂದೆ ಓಡಾಡಿದ್ದ ಕಾಲು ಮಡಚಿಕೊಂಡವು. ಊರ ಜಾತ್ರೆಯಲ್ಲಿ ಕುರಿಗಾರರ ದೇವರು ಬೀರೋಬನ ಮುಂದೆ ಡೊಳ್ಳು ಕಟ್ಟಿಕೊಂಡು ಕುಣಿಯುವ ಮಾನ ತಲೆಮಾರುಗಳಿಂದ ಇವರ ಮನೆತನದ್ದು. ತಂದೆ ಮರೆಪ್ಪನವರಿಗೆ ವಯಸ್ಸಾದ ಮೇಲೆ ಡೊಳ್ಳು ಮಗನ ಹೆಗಲಿಗೆ ಬಂತು. ಎರಡು ವರ್ಷದ ಹಿಂದೆ ಕುಣಿತ ರಂಗೇರುವ ಮೊದಲೇ ಮೊಣಕಾಲು ಕೈಕೊಟ್ಟು, ಕಾಮಣ್ಣ ಡೊಳ್ಳಿನ ಸಮೇತ ಕುಸಿದರು.

"ಹಿರ್ಯಾರು ಬೈಲಿಲ್ಲರಿ. ಬೈದಿದ್ರ ಛಲೋ ಇತ್ತು," ಎನ್ನುತ್ತಾರೆ. "ಬರೂ ವರ್ಷನೂ ಹಿಂಗ ಆದ್ರ ಮಾನ ನಿಮ್ಮ ಕಾಕಾನ ಮನಿಗಿ ಹೋಗ್ತದ ಅಂತ ಸಮಾಧಾನಲೆ ಹೇಳಿದ್ರು. ನಮ್ಮಪ್ಪ ತೆಲಿ ಎತ್ತಲಿಲ್ಲ."

ಊರಿಂದ ಮರಳಿದವರೇ, ನಡುನಡುವೆ ಗಾದಿಯಿಂದ ಏಳಲು ಸಾವಕಾರರ ಅಪ್ಪಣೆ ಕೇಳಿದರು. ಸಾತಲಿಂಗಪ್ಪನವರು ಕೆಟ್ಟವರಲ್ಲ, ಲಕ್ಷ್ಮಿಯ ವಿಷಯದಲ್ಲಿ ಮಾತ್ರ ಬಲು ಅಂಜುಬುರುಕರು. "ಡೊಳ್ಳಿನ ಸಲುವಾಗಿ ನನ್ನ ದುಕಾನ ಮುಳಗಸ್ತೀಯೇನಪಾ?" ಎಂದರು.

ಕಾಮಣ್ಣ ಹೊಸ್ತಿಲ ಕಡೆ ಕೈ ತೋರಿಸಿದರು. "ಸಾವಕಾರ್ರ, ಗಿರಾಕಿ ಅಂದ್ರ ಲಕ್ಷ್ಮಿ ಅಂತ ನೀವ ಹೇಳ್ತೀರಿ. ಲಕ್ಷ್ಮಿ ಮನಿಗಿ ಬಂದಾಗ ಕುಂತ ಬರ್ರಿ ಅನ್ನೂದು ಸರಿ ಕಾಣ್ತದೇನ್ರಿ?"

ಸಾವಕಾರರು ನಕ್ಕು ಒಪ್ಪಿದರು. ಅಂದಿನಿಂದ ಗಿರಾಕಿ ಹೊಸ್ತಿಲು ತುಳಿದರೆ ಕಾಮಣ್ಣ ಎದ್ದು ಕೈ ಮುಗಿಯುತ್ತಾರೆ. ಏಣಿ ಹತ್ತಿ ಸೀರೆಯ ಗಂಟು ತಾವೇ ಇಳಿಸುತ್ತಾರೆ, ಬಾಗಿಲತನಕ ಹೋಗಿ ಕಳಿಸಿ ಬರುತ್ತಾರೆ. ಯಾರೂ ಇಲ್ಲದಾಗ ಕುಳಿತಲ್ಲೇ ಕಾಲು ಚಾಚಿ ಪಾದ ತಿರುಗಿಸುತ್ತಾರೆ. ಪಕ್ಕದ ಅಂಗಡಿಯವರು ಗೇಲಿ ಮಾಡಿದ್ದೇ ಮಾಡಿದ್ದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ಅವರಿಗೂ ಗೊತ್ತು. ಕೂತು ದುಡಿಯುವವನಿಗೆ ಮೊಣಕಾಲು ಸಾಲದು ಎಂಬುದು ಗೊತ್ತಿರಲಿಲ್ಲ. ಅಂಗಡಿಯೇನೂ ಮುಳುಗಿಲ್ಲ. ಮರ್ಯಾದೆ ಸಿಗುತ್ತದೆಂದು ಹಳ್ಳಿಯ ಹೆಂಗಸರು ಹುಡುಕಿಕೊಂಡು ಬರುತ್ತಾರೆ.

ಕಳೆದ ವರ್ಷ ಬೀರೋಬನ ಮುಂದೆ, ಮೈತುಂಬ ಭಂಡಾರದ ಹಳದಿಯಲ್ಲಿ, ಕಾಮಣ್ಣ ಕೊನೆಯ ಪೆಟ್ಟಿನವರೆಗೂ ಕುಣಿದರು. ಮಾನ ಮನೆಯಲ್ಲೇ ಉಳಿಯಿತು. ಈಗ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದಾರೆ. ಅಂದು ನಿಮಗೆ ಹೇಗನಿಸಿತು ಎಂದೆ.

"ಅವತ್ತ ಯಾರೂ ನನಗ ಸೊಲ್ಲಾಪುರದ ದಿವಾಣಜಿ ಅನ್ನಲಿಲ್ಲರಿ," ಎಂದು ಲೇಖಣಿ ಕೆಳಗಿಟ್ಟರು. "ಮರೆಪ್ಪನ ಮಗ ಕುಣ್ಯಾಕತ್ತ್ಯಾನ ಅಂದ್ರು. ನಮ್ಮಪ್ಪ ಅಲ್ಲೇ ಮುಂದ ಕುಂತಿದ್ದ. ಅವಗ ಕೇಳಸ್ತು."