ಚಾಡಿ ಹೇಳದ ಪೆನ್ನು

ನಮ್ಮ ಅತ್ತೆಯವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ನುಣ್ಣಗಾಗಿತ್ತು. ಮೊಬೈಲಿಗೆ ಹೊಸ ಸಿಮ್ ತೆಗೆದುಕೊಳ್ಳಲು ಹೋದಾಗ ಎಷ್ಟು ಒತ್ತಿಸಿದರೂ ಯಂತ್ರ ಅವರ ಬೆರಳನ್ನು ಗುರುತಿಸಲೇ ಇಲ್ಲ. ಮದುವೆಯಾಗಿ ಬಂದಂದಿನಿಂದ ದಿನಾ ಬೆಳಿಗ್ಗೆ ರಂಗೋಲಿ ಪುಡಿ ಹಿಡಿದ ಬೆರಳು ಅವು. "ಮಷೀನಿಗೇನ ಗೊತ್ತಪಾ, ನಮ್ಮ ಓಣ್ಯಾಗ ಕೇಳು, ನಾ ಯಾರಂತ ಹೇಳ್ತಾರ" ಎಂದು ನಕ್ಕು ಎದ್ದು ಬಂದರು.

ಆ ಮಾತು ಖರೆ. ರಾಯಾಪುರದ ನಮ್ಮ ಓಣಿಯಲ್ಲಿ ಬಸ್ಸಿಗೆ ಓಡುವವರೂ ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಹೊಸ್ತಿಲಿನಿಂದ ಗೇಟಿನವರೆಗೆ ಎಲ್ಲಿಯೂ ತುಂಡಾಗದ ಒಂದೇ ಗೆರೆ.

ಮೊದಲು ಅವರ ಕೈಯಲ್ಲಿ ಚಹಾದ ಕಪ್ಪು-ಬಸಿ ಗಲಗಲ ಎನ್ನತೊಡಗಿತು. ಆಮೇಲೆ ರಂಗೋಲಿಯ ಗೆರೆ ಅಂಕುಡೊಂಕಾಯಿತು. ನರದ ತೊಂದರೆ, ಕಡಿಮೆಯಾಗುವುದು ಕಷ್ಟ ಎಂದರು ಡಾಕ್ಟರು. ಒಂದು ಬೆಳಿಗ್ಗೆ ತಾವೇ ಹಾಕಿದ ರಂಗೋಲಿಯನ್ನು ನೋಡುತ್ತ ನಿಂತವರು ಅದರ ಮೇಲೆ ಕೊಡ ನೀರು ಸುರಿದು ಒಳಗೆ ಬಂದರು. ನಾನು ಪೇಟೆಯಿಂದ ಸ್ಟಿಕರ್ ರಂಗೋಲಿ ತಂದು ಅಂಟಿಸಿದೆ. "ಹೊಸ್ತಲಕ್ಕೇನ ಗಾಯ ಆಗೈತೇನವಾ, ಪಟ್ಟಿ ಹಚ್ಚೀದಿ?" ಎಂದರು.

ಅಂದಿನಿಂದ ಯಾರಾದರೂ ಬಂದರೆ ಆ ಕೈ ಸೆರಗಿನೊಳಗೆ ಸೇರುತ್ತಿತ್ತು. ನಡುಕವನ್ನು ಅವರು ಸಹಿಸಿದರು. "ಅಯ್ಯ ಪಾಪ" ಎನ್ನುವ ಮಂದಿಯನ್ನು ಸಹಿಸಲಿಲ್ಲ. ನಮ್ಮ ಬಳಗದಲ್ಲಂತೂ ಪಾಪ ಎನ್ನುವುದಕ್ಕೆಂದೇ ಬಸ್ಸು ಹತ್ತಿ ಬರುವವರಿದ್ದಾರೆ.

ಬೆರಳಿಗೆ ಕೆಲಸವಿರಲಿ, ಬಣ್ಣ ತುಂಬಲಿ ಎಂದು ಡಾಕ್ಟರು ಹೇಳಿದ್ದರಿಂದ ಅವರನ್ನು ದೇಶಪಾಂಡೆ ನಗರದ ಒಂದು ಸ್ಟೇಷನರಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಮೊದಲು ಬ್ರಷ್ಷಿನಂಥ ಮೆತ್ತನೆ ಮೂತಿಯ ಮಾರ್ಕರ್ ಕೊಟ್ಟರು. ಅತ್ತೆ ಒಂದು ಗೆರೆ ಎಳೆದರು. ಅದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣಗೆ ಬಂತು.

"ಬ್ಯಾಡವಾ, ಇದು ಚಾಡಿ ಹೇಳತೈತಿ."

"ಅಮ್ಮಾರ, ಭಾಳ ಛಲೋ ಮಾಲ್ರಿ ಇದು. ಚಿತ್ರ ತಗಿಯೋರೆಲ್ಲಾ ಇದನ್ನ ಒಯ್ತಾರ."

"ಛಲೋ ಇದ್ರೇನಾತು? ಕೈ ಒಂಚೂರು ಅಳಗ್ಯಾಡಿದ್ರ ಊರಿಗೆಲ್ಲಾ ಡಂಗುರ ಹೊಡಿತೈತಿ."

ಸೂಜಿಮೂತಿಯದು ಕಾಗದಕ್ಕೆ ಸಿಕ್ಕಿಕೊಂಡಿತು. "ಇದು ಜಗಳಗಂಟಿ" ಎಂದು ಬದಿಗಿಟ್ಟರು. ಒರೆಸಿದರೂ ಹೋಗದ ಮಾರ್ಕರಿನ ವಾಸನೆಗೇ ಮುಖ ತಿರುಗಿಸಿದರು. ಕೊನೆಗೆ ಗುಂಡುಮೂತಿಯ, ಗಟ್ಟಿ ತುದಿಯ, ದಪ್ಪನೆಯ ಒಂದು ಪೆನ್ನು ಸಿಕ್ಕಿತು. ಹಗುರಾಗಿ ಹಿಡಿದರೂ ಒತ್ತಿದರೂ ಗೆರೆ ಅಷ್ಟೇ ದಪ್ಪ. "ಇದು ನೋಡವಾ, ಶಾಣ್ಯಾ. ಮನಿ ಮಾತು ಮನ್ಯಾಗ ಇಡತೈತಿ."

"ಸೊಸಿ ಆರಿಸಿದಂಗ ಆರಿಸಿದ್ರಲ್ರಿ!" ಎಂದು ಅಂಗಡಿಯವರು ನಕ್ಕರು.

"ಸೊಸಿನ್ನ ಇಷ್ಟ ನೋಡಿ ತಂದಿಲ್ಲಪಾ" ಎಂದು ಅತ್ತೆ ನನ್ನ ಕಡೆ ನೋಡಿದರು.

ಆ ಜಾತಿಯ ಪೆನ್ನನ್ನೇ ಎಲ್ಲ ಬಣ್ಣಗಳಲ್ಲಿ ಕೊಂಡೆವು. ಜೊತೆಗೆ ನಾನು ಕೊಂಡ, ಬಣ್ಣ ತುಂಬುವ ಚಿತ್ರದ ಪುಸ್ತಕವನ್ನು ಅವರು ತೆರೆಯಲೇ ಇಲ್ಲ. ಮಂದಿ ಹಾಕಿದ ಗೆರೆಯೊಳಗೆ ಬಣ್ಣ ತುಂಬಲು ತಾವೇನು ಕೂಸೇ ಎಂಬುದು ಅವರ ವಾದ. ಹಳೆಯ ಕ್ಯಾಲೆಂಡರಿನ ಬೆನ್ನಿಗೆ ತಮ್ಮದೇ ಬಳ್ಳಿ, ನವಿಲು, ಕಮಲ ಬರೆದರು. ಮೊದಲು ಬಣ್ಣ, ಆಮೇಲೆ ಅಂಚಿಗೆ ದಪ್ಪನೆಯ ಕಪ್ಪು ಗೆರೆ. ಹಾಗೇಕೆ ಎಂದು ಕೇಳಿದರೆ, "ಬಣ್ಣ ಹೊರಗ ಹೋಗಿದ್ರ ಗೆರಿ ಹೊಟ್ಟ್ಯಾಗ ಹಾಕ್ಕೊಂತೈತಿ" ಎಂದರು. ಆಮೇಲೆ ಸಣ್ಣಗೆ ಸೇರಿಸಿದರು: "ಹಿರ್ಯಾರು ಹಾಕ್ಕೊಂಡಂಗ."

ಶ್ರಾವಣದಲ್ಲಿ ಭಜನೆಯ ಗೆಳತಿಯರು ಬಂದಾಗ ಅತ್ತೆ ಕೈಯನ್ನು ಸೆರಗಿನೊಳಗಿಟ್ಟುಕೊಂಡೇ ಚಿತ್ರಗಳನ್ನು ತೋರಿಸಿದರು. "ಕೈ ಆರಾಮಾತಲ್ರಿ!" ಎಂದಳು ಒಬ್ಬಾಕೆ. ಯಾರೂ ಪಾಪ ಎನ್ನಲಿಲ್ಲ. ಅಂದು ಅತ್ತೆ ಒಂದು ರೊಟ್ಟಿ ಹೆಚ್ಚೇ ಉಂಡರು. ನಾನು ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ದೀಪಾವಳಿ ಮುಗಿದ ಮೇಲೆ ಪೆನ್ನಿನ ಟೊಪ್ಪಿಗೆ ತೆಗೆಯಲೂ ಅವರಿಗೆ ಆಗದಾಯಿತು. ಯಾರನ್ನೂ ಕೇಳಬಾರದೆಂದು ಟೊಪ್ಪಿಗೆ ಹಾಕದೆಯೇ ಇಡುತ್ತಿದ್ದರು. ಪೆನ್ನು ಒಣಗಿದವು. ಒಂದು ದಿನ ನೋಡಿದರೆ, ಬಿಳಿಯ ಕಾಗದದ ಮೇಲೆ ಒಣ ಪೆನ್ನನ್ನು ಮೆಲ್ಲಗೆ ಎಳೆಯುತ್ತಿದ್ದಾರೆ.

"ಅತ್ತೀ, ಅದರಾಗ ಬಣ್ಣ ಇಲ್ರಿ."

"ಗೊತ್ತೈತಿ. ಕೈ ಸುಮ್ನಿರವಲ್ದಲ್ಲ, ಅದಕ್ಕೊಂದು ಕೆಲಸ ಕೊಟ್ಟೇನಿ."

ಮರುದಿನವೇ ಹೊಸ ಪೆನ್ನು ತಂದೆ. ಅವರು ಅದನ್ನು ಬಹಳ ಹೊತ್ತು ಹಿಡಿದು ಕೂತರು. ಆಮೇಲೆ ನನ್ನ ಕಡೆ ಚಾಚಿ, "ತಗದ ಕೊಡವಾ" ಎಂದರು. ಮಗನನ್ನೂ ಕೇಳದವರು ನನ್ನನ್ನು ಕೇಳಿದರು. ಆಮೇಲೆ ನನ್ನೆದುರು ಆ ಕೈಯನ್ನು ಎಂದೂ ಮುಚ್ಚಿಡಲಿಲ್ಲ. ನನ್ನ ಹೆತ್ತವಳೂ ನನ್ನನ್ನು ಅಷ್ಟು ನಂಬಿದ್ದಳೋ ಇಲ್ಲವೋ ತಿಳಿಯೆ.

ಚಳಿಗಾಲದಲ್ಲಿ ಜ್ವರ ಬಂದು ಕಫ ಎದೆಗಿಳಿಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು. ಒಂದು ಮಧ್ಯಾಹ್ನ ನಾನು ಗಂಜಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊದಿಕೆಯ ಮೇಲೆ ಕೈ ಸುಮ್ಮನೆ ಬಿದ್ದಿತ್ತು.

"ಎಷ್ಟ ಸಮಾಧಾನದಿಂದ ಮಲಗ್ಯಾರ ನೋಡ್ರಿ, ಕೈ ಸೈತ ಅಳಗ್ಯಾಡವಲ್ದು" ಎಂದರು ಬಂದವರು. ನನಗೆ ಆ ಸಮಾಧಾನ ಬೇಕಿರಲಿಲ್ಲ. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅದು ನಡುಗಿದಂತಾಯಿತು. "ಅತ್ತೀ!" ಎಂದು ಕೂಗಿದೆ. ನಡುಗುತ್ತಿದ್ದದ್ದು ನನ್ನ ಕೈ.