ಆರುವ ಭಟ್ಟಿಯ ಪಾಲು

ಓಟ್ಸ್ ಮೇಲೊಂದು ತೆಳ್ಳನೆಯ ಕೆನೆ ಕಟ್ಟಿ, ಒಳಗೆ ಹಾಲು ಇನ್ನೂ ಕುಲುಕಾಡುತ್ತಿದ್ದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಪುಟ್ಟ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಸುಜಾತಾ, ಕೆಂಪು ದೀಪ ಆರಿದ್ದನ್ನು ಕಂಡು ತನ್ನ ಜೀವವೇ ಆರಿದಂತೆ ಹಣೆಗೆ ಕೈ ಹಚ್ಚಿದಳು.

ಅವಳ ಗಾಬರಿಗೆ ಕಾರಣವಿತ್ತು. ಎರಡು ವರ್ಷದ ಮಿಲಿಂದ ಜ್ವರ ಬಿಟ್ಟು ಎದ್ದಮೇಲೆ ಅಗಿಯುವುದನ್ನೇ ಮರೆತುಬಿಟ್ಟಿದ್ದ. ಹಾಲು ಕುಡಿಯುತ್ತಿದ್ದ, ಅಷ್ಟೇ. ಗಂಜಿ, ಇಡ್ಲಿ, ನುಚ್ಚು, ಬೇಳೆಕಟ್ಟು, ಏನು ತಂದರೂ ತುಟಿ ಬಿಗಿದು ಮುಖ ತಿರುವುತ್ತಿದ್ದ. ಬಲವಂತ ಮಾಡಿದರೆ ವಾಂತಿ. ತೂಕ ಇಳಿಯುತ್ತಲೇ ಇತ್ತು. ಡಾಕ್ಟರು ಮುಂದಿನ ವಾರದ ಮಾತೆತ್ತಿ, "ಆಗಲೂ ಹೀಗೇ ಇದ್ದರೆ ಕಲಬುರಗಿಗೆ ಒಯ್ದು ಅಡ್ಮಿಟ್ ಮಾಡಬೇಕಾಗುತ್ತೆ" ಅಂದಿದ್ದರು. ಅಂದಿನಿಂದ ಸುಜಾತಾಳಿಗೆ ಮಗನ ಬಾಯಿಯ ಹೊರತು ಜಗತ್ತಿನಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಈ ಓಟ್ಸ್ ಕಡೆಯ ಪ್ರಯತ್ನ. ಹಾಲಿನಲ್ಲಿ ನೆನೆಸಿ, ಬಾಳೆಹಣ್ಣು ಕಿವುಚಿ, ಕಾಲುವೆ ದಂಡೆಯ ತೋಟದ ಪಪ್ಪಾಯಿ ಹೆಚ್ಚಿ ಹಾಕಿ, ಬೀಜ ತೆಗೆದ ಖರ್ಜೂರ, ಚೂರು ಬೆಲ್ಲ ಸೇರಿಸಿ ಬೇಯಿಸಿದರೆ ಮೆತ್ತಗೆ, ಸಿಹಿಯಾಗಿ, ಗಂಟಲಲ್ಲಿ ತಾನಾಗಿ ಇಳಿಯುತ್ತದೆ ಎಂದು ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದ್ದಳು.

"ಮೆತ್ತಗೇ ಆಗಬೇಕು ಅತ್ತೆ, ಒಂದು ಚೂರೂ ಗಟ್ಟಿ ಆಗಬಾರದು. ಈಗ ನೋಡಿ, ಅರ್ಧಂಬರ್ಧ ಆಯ್ತು."

ಅತ್ತೆ ದೇವಕಮ್ಮ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಹೊರಗಿನ ಬೆಳಕು ನೋಡಿದಳು. ಬಿಸಿಲು ಇನ್ನೂ ಓಣಿಗೆ ಇಳಿದಿರಲಿಲ್ಲ.

"ಶರೀಫಾನ ಭಟ್ಟಿಗಿ ಒಯ್ಯೋಣ ನಡಿ. ಪಾವ್ ತಗದಿರತಾರ ಈಗ. ಭಟ್ಟಿ ಆರೋ ಹೊತ್ತು."

"ಬೇಕರಿಗಾ? ಎಷ್ಟು ತಗೋತಾರೆ?"

"ಆರೋ ಭಟ್ಟಿಗಿ ರೊಕ್ಕ ಕೊಡತಾರೇನು? ಹುಚ್ಚಿ. ಅಕಿ ಮುಂದ ಹಂಗ ಅನಬ್ಯಾಡ, ಜಗಳಕ್ಕ ಬರ್ತಾಳ."

ಶಹಾಪುರದ ಹಳೆಯ ಓಣಿಯಲ್ಲಿ ಆ ಭಟ್ಟಿಯನ್ನು ಹುಡುಕಲು ಮೂಗೊಂದಿದ್ದರೆ ಸಾಕು. ಹೊಗೆ ಹಿಡಿದು ಕಪ್ಪಾದ ತಗಡಿನ ಚಪ್ಪರ, ಗೋಡೆಗಾನಿಸಿದ ಹತ್ತಿಕಟ್ಟಿಗೆಯ ಹೊರೆಗಳು, ಒಳಗೆ ಗುಮ್ಮಟದಂತಹ ಇಟ್ಟಿಗೆಯ ಒಲೆ. ಅದರ ಬಾಯಿಯ ಮುಂದೆ ಸ್ಟೂಲು ಹಾಕಿ ಕೂತವಳೇ ಶರೀಫಾಬೀ. ಎತ್ತರದ ಆಳು, ದೊಡ್ಡ ದನಿ, ಮೊಣಕೈತನಕ ಬೆಂಕಿ ನೆಕ್ಕಿದ ಕಲೆಗಳು. ಪಾವ್ ಮಾರುವ ಕೆಲಸವನ್ನು ಮಗ ಫಕ್ರುದ್ದೀನನಿಗೆ ಬಿಟ್ಟಿದ್ದರೂ ಬೆಂಕಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಚಪ್ಪರದ ಕೆಳಗೆ ಆಗಲೇ ನಾಲ್ಕಾರು ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು. ಮಾನಮ್ಮನ ಗಡಿಗೆಯಲ್ಲಿ ನೆನೆಸಿದ ಮಡಿಕೆಕಾಳು, ಅನ್ವರಬಿಯ ಡಬರಿಯಲ್ಲಿ ಮನೆಯಲ್ಲೇ ಅರೆಬೇಯಿಸಿದ ಆಡಿನ ಕಾಲು, ಇನ್ಯಾರದೋ ಸೆರಗಿನಲ್ಲಿ ಗೆಣಸು. ಸುಜಾತಾಳ ಗಾಜಿನ ಬೋಗುಣಿ ನೋಡಿ ಎಲ್ಲರೂ ಕತ್ತು ಚಾಚಿದರು.

"ಏನದು, ದೇವಕಿ? ಸೊಸಿ ಕನ್ನಡಿ ಬೇಸಾಕ ತಂದಾಳೇನು?" ಶರೀಫಾಬೀ ಕೇಳಿದಳು.

"ಓಟ್ಸ್," ಅಂದಳು ಸುಜಾತಾ ಮೆಲ್ಲಗೆ.

"ಓಟು? ಇಲೆಕ್ಷನ್ ಯಾವಾಗ ಬಂತ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಾವಿನ ಟ್ರೇ ಜೋಡಿಸುತ್ತಿದ್ದ ಫಕ್ರುದ್ದೀನ, "ಅಮ್ಮಾ, ಅದು ಕುದುರಿ ತಿನ್ನೋ ದಾಣಿ," ಎಂದ.

"ಕುದುರಿ ಏನು ಕಡಿಮಿ ಓಡ್ತಾವೇನು? ನಿನಗಿಂತ ಛಲೋ ಓಡ್ತಾವ. ತಾ ಇಲ್ಲಿ." ಬೋಗುಣಿ ಇಸಿದುಕೊಂಡು ಮೂಸಿದಳು. "ಪಪ್ಪಾಯಿ ಹಾಕೀ. ಖಜೂರ. ಭೇಷ್. ಆದ್ರ ಈ ಕನ್ನಡಿ ನನ್ನ ಭಟ್ಟಿಗಿ ಬ್ಯಾಡ. ಒಡದ್ರ ಊರಿನ ಪಾವಿನ್ಯಾಗೆಲ್ಲಾ ಗಾಜು."

ಸುಜಾತಾ ಬೇಡವೆನ್ನುವ ಮೊದಲೇ ಅದೆಲ್ಲ ಎಣ್ಣೆ ಸವರಿದ ಒಂದು ಹಳೆಯ ಪಾವಿನ ತಗಡಿಗೆ ಇಳಿದಾಗಿತ್ತು. ತಗಡು ಅಗಲ, ಬೋಗುಣಿಯಲ್ಲಿ ಗೇಣುದ್ದ ಕಾಣುತ್ತಿದ್ದದ್ದು ಅಲ್ಲಿ ಬೆರಳುದಪ್ಪ ಹರಡಿತು.

"ಸ್ವಲ್ಪ ಹೊತ್ತು ಸಾಕು ಅಜ್ಜಿ. ಗಟ್ಟಿ ಆದರೆ ನನ್ನ ಮಗ ಮುಟ್ಟಲ್ಲ. ಮೆತ್ತಗಿರಬೇಕು. ಪ್ಲೀಸ್."

"ನನಗ ಹೇಳತೀಯಾ? ನಾ ಕಾಲುವಿ ತೋಡಿದ ಮಂದಿಗೆಲ್ಲಾ ಪಾವ್ ತಿನಿಸಿದಾಕಿ," ಎಂದು ಉದ್ದನೆಯ ಹಲಗೆಯಲ್ಲಿ ತಗಡನ್ನು ಒಳಗೆ ಸರಿಸಿದಳು.

ಸುಜಾತಾ ಬಗ್ಗಿ ನೋಡಿದಳು. ಒಳಗೆ ಬೆಂಕಿಯೇ ಇರಲಿಲ್ಲ. ಬೂದಿಯನ್ನು ಬಳಿದು ತೆಗೆದಿದ್ದರು. ಆದರೂ ಇಟ್ಟಿಗೆಗಳು ಒಳಗಿನಿಂದ ಉಸಿರಾಡುತ್ತಿರುವಂತೆ ಮಂದವಾಗಿ ಬಿಸಿ ಬಿಡುತ್ತಿದ್ದವು. ಮುಖಕ್ಕೆ ಬಡಿದ ಬಿಸಿ ಸುಡಲಿಲ್ಲ. ಹಣೆ ಮುಟ್ಟಿ ನೋಡುವ ಅಂಗೈಯಂತೆ ತಂಗಿತು. ಆ ಗುಮ್ಮಟದೊಳಗೆ ಮಾನಮ್ಮನ ಗಡಿಗೆ, ಅನ್ವರಬಿಯ ಡಬರಿ, ತನ್ನ ಮಗನ ತುತ್ತು ಎಲ್ಲವೂ ಒಂದರ ಪಕ್ಕ ಒಂದು ಸುಮ್ಮನೆ ಕೂತಿದ್ದವು.

"ಈ ಬಿಸಿಗೆ ರೊಕ್ಕ ಯಾಕೆ ತಗೊಳ್ಳಲ್ಲ?" ಎಂದು ಕೇಳಿಯೇಬಿಟ್ಟಳು. ದೇವಕಮ್ಮ ಕಣ್ಣು ಕೆಕ್ಕರಿಸಿದಳು. ಆದರೆ ಶರೀಫಾಬೀ ಜಗಳಕ್ಕೆ ಬರಲಿಲ್ಲ. ತಗಡಿನ ಬಾಗಿಲು ಮುಚ್ಚಿ, ಬಾಯಿಗೆ ಅಡಿಕೆ ಚೂರು ಎಸೆದುಕೊಂಡಳು.

"ನಿಮ್ಮತ್ತಿನ್ನ ಕೇಳು. ಅಕಿನ ಮೊದಲ ಗಡಿಗಿ ಇಟ್ಟಾಕಿ."

ಶರೀಫಾಬೀ ಸುರಪುರದ ಹುಡುಗಿ. ಲಾಡ್ಲೇಸಾಬನ ಕೈಹಿಡಿದು ಈ ಊರಿಗೆ ಬಂದಾಗ ಇಲ್ಲಿ ಪಾವ್ ತಿನ್ನುವವರು ಕಾಯಿಲೆಯವರು ಮಾತ್ರ. ಆಮೇಲೆ ಕಾಲುವೆ ತೋಡುವ ಕೆಲಸ ಶುರುವಾಯಿತು. ಎಲ್ಲೆಲ್ಲಿಯದೋ ಜನ ಬಂದು ಬಯಲಿನಲ್ಲಿ ಗುಡಿಸಲು ಹಾಕಿದರು. ಬೆಳಗಾಗುವುದರೊಳಗೆ ಹೊಟ್ಟೆಗೇನಾದರೂ ಬೇಕಲ್ಲ? ಲಾಡ್ಲೇಸಾಬ ಭಟ್ಟಿಯನ್ನು ದೊಡ್ಡದು ಮಾಡಿದ. ಹೊಸ ಮದುಮಗಳು ತಲೆಯ ಮೇಲೆ ಪಾವಿನ ಬುಟ್ಟಿ ಹೊತ್ತು ಮಣ್ಣಿನ ದಿಬ್ಬ ಏರಿ ಇಳಿದು ಮಾರಿದಳು. ಮಾವ ಬೈದ, ಓಣಿಯವರು ಆಡಿಕೊಂಡರು. ಅವಳು ಬುಟ್ಟಿ ಇಳಿಸಲಿಲ್ಲ.

"ನಾ ಅಲ್ಲೇ ಮಣ್ಣು ಹೊರತಿದ್ದೆ," ಎಂದಳು ದೇವಕಮ್ಮ. "ಚಂದ್ರಾಮ ಹೊಟ್ಟಿಯಾಗಿದ್ದ." ಚಂದ್ರಾಮನೆಂದರೆ ಸುಜಾತಾಳ ಗಂಡ, ಈಗ ಹೈಸ್ಕೂಲು ಮಾಸ್ತರ. "ಒಂದಿನ ಮಳಿ ಬಂದು ಕಟ್ಟಿಗಿ ಎಲ್ಲಾ ತೊಯ್ದು ಹೋದ್ವು. ಕಾಳು ನೆನೀ ಹಾಕಿದ ಗಡಿಗಿ ಹಿಡಕೊಂಡು ಊರೆಲ್ಲಾ ತಿರುಗಿದೆ. ನಮ್ಮ ಕೇರಿಯವರ ಗಡಿಗಿ ಯಾರು ತಮ್ಮ ಒಲಿಮ್ಯಾಲ ಇಡಗೊಡತಿದ್ರು ಆಗ? ಈಕಿ ನೋಡಿದ್ಲು. 'ಭಟ್ಟಿ ಹ್ಯಾಂಗೂ ಆರತದ, ಒಗಿ ಒಳಗ' ಅಂದ್ಲು."

"ಒಗಿ ಅಂದಿಲ್ಲ, ಇಡು ಅಂದೆ."

"ಒಗಿ ಅಂದಿ. ನಿನ್ನ ಬಾಯಿ ನನಗ ಗೊತ್ತಿಲ್ಲೇನು? ಕಾಳು ಬೆಂದ್ವು. ರೊಕ್ಕಾ ಕೊಡಾಕ ಹೋದ್ರ ಬೈದ್ಲು. ಅದಕ್ಕ ಒಂದು ಸೌಟು ಕಾಳು ತಗದು ಪರಾತದಾಗ ಹಾಕಿದೆ. ಈಕಿ ಎಲ್ಲಾರ ಮುಂದ ಕುಂತು ಅದನ್ನ ತಿಂದ್ಲು. ನೋಡಾಕ ನಿಂತವರು ನೋಡಕೋತನ ನಿಂತ್ರು."

ಅಂದಿನಿಂದ ಅದೇ ರೂಢಿ. ಆರುವ ಭಟ್ಟಿಯಲ್ಲಿ ಏನೇ ಬೆಂದರೂ ಮನೆಗೊಯ್ಯುವ ಮೊದಲು ಒಂದು ತುತ್ತು ಭಟ್ಟಿಯ ಮುಂದಿನ ಆ ಅಗಲ ತಟ್ಟೆಗೆ, ಪರಾತಕ್ಕೆ. ಅದಕ್ಕೆ ಭಟ್ಟಿಪಾಲು ಎಂದು ಹೆಸರು. ಅಲ್ಲಿದ್ದವರೆಲ್ಲ ಅದರಿಂದ ತಿಂದೇ ಹೊರಡಬೇಕು. ಸುಜಾತಾ ಅತ್ತೆಯತ್ತ ತಿರುಗಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಈ ಹೆಂಗಸಿನ ಕೈಯ ರೊಟ್ಟಿ ತಿಂದಿದ್ದಾಳೆ. ಈ ಮಾತು ಮಾತ್ರ ಇಂದೇ ಕೇಳಿದ್ದು.

"ನೀರು ಬಂದ ದಿನದ್ದು ಹೇಳು, ಶರೀಫಾ," ಎಂದಳು ಮಾನಮ್ಮ. ಎಲ್ಲರೂ ಎಷ್ಟೋ ಸಲ ಕೇಳಿದ ಕಥೆಯಂತೆ; ಆದರೂ ಹತ್ತಿರ ಸರಿದು ಕೂತರು.

ಶರೀಫಾಬೀಯ ದನಿ ಮೊದಲ ಸಲ ತಗ್ಗಿತು. "ನೀರು ಬಿಡತಾರಂತ ಊರಿಗೂರೇ ದಂಡಿಮ್ಯಾಲ ನಿಂತಿತ್ತು. ನಾನೂ ಬುಟ್ಟಿ ಇಟಗೊಂಡು ನಿಂತಿದ್ದೆ. ನೀರಂದ್ರ ಧೋ ಅಂತ ಬರತದ, ಸಪ್ಪಳ ಕೇಳತದ ಅನಕೊಂಡಿದ್ವಿ. ಹಂಗ ಬರಲಿಲ್ಲವ್ವಾ ಅದು. ನಡಕೋತ ಬಂತು. ಕೂಸು ಅಂಬೆಗಾಲು ಇಟ್ಟಂಗ. ಮುಂದ ಒಣಗಿದ ಎಲಿ, ಧೂಳು, ಒಂದಿಷ್ಟು ಬುರುಗು ತಳ್ಳಕೋತ, ಒಂದೊಂದು ಬಿರುಕಿನ್ಯಾಗೂ ಬಾಯಿ ಇಟ್ಟು ನೋಡಕೋತ. ಒಂದು ಕಡೆ ತಗ್ಗಿತ್ತು. ಅಲ್ಲಿ ನಿಂತೇಬಿಡ್ತು. ಮುಂದಕ್ಕ ಬರವಲ್ದು. ಮಂದಿ ಉಸಿರು ಹಿಡದ್ರು. ಇಂಜಿನೇರ ಸಾಹೇಬ್ರ ಮಾರಿ ಬಿಳಚಿಕೊಂಡಿತ್ತು. ನಿಮ್ಮತ್ತಿ ಚಂದ್ರಾಮನ್ನ ಬಗಲಾಗ ಇಟಗೊಂಡು 'ಬಾರವ್ವಾ, ಬಾ' ಅಂತ ನೀರನ್ನ ಕರಿಯಾಕತ್ತಿದ್ಲು..."

ಸುಜಾತಾಳಿಗೆ ಗೊತ್ತಿದ್ದ ಕಾಲುವೆ ಎಂದರೆ ಸೇತುವೆಯ ಕೆಳಗಿನ ಕಂದು ನೀರು, ಮಗು ಜಾರೀತೆಂಬ ಭಯ. ಅದಕ್ಕೂ ಒಂದು ಮೊದಲ ಹೆಜ್ಜೆ ಇತ್ತೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಎಲ್ಲಾರೂ ಹೂವ, ಅರಿಷಿಣ ತಂದಿದ್ರು. ನನ್ನ ಕಡೆ ಏನದ? ಪಾವ್. ಬಿಸಿ ಪಾವ್ ಒಂದು ತಗೊಂಡು ನೀರಿನ್ಯಾಗ..."

"ಅಮ್ಮಾ!" ಫಕ್ರುದ್ದೀನ ಕೂಗಿದ. "ಹೊತ್ತಿದ ವಾಸನಿ!"

ಶರೀಫಾಬೀ ಸ್ಟೂಲು ಕೆಡವಿ ಎದ್ದಳು. ಬಾಗಿಲು ತೆಗೆದು ಹಲಗೆ ಹಾಕಿ ತಗಡು ಎಳೆದಳು. ನಡುವೆ ಹೊನ್ನಿನ ಬಣ್ಣ ಉಬ್ಬಿತ್ತು, ಪಪ್ಪಾಯಿ ಕರಗಿ ಮಿನುಗುತ್ತಿತ್ತು. ಆದರೆ ಅಂಚು ಸುತ್ತಲೂ ಗಟ್ಟಿಯಾಗಿ, ಖರ್ಜೂರ ಬೆಲ್ಲ ಸೇರಿ ತಗಡಿಗೆ ಕಚ್ಚಿಕೊಂಡು, ಅಲ್ಲಲ್ಲಿ ಕರಕಾಗಿತ್ತು.

ಸುಜಾತಾಳ ಕಣ್ಣಲ್ಲಿ ನೀರು ಬಂತು. "ಮೆತ್ತಗೆ ಅಂದಿದ್ದೆ..." ಎಂದಷ್ಟೇ ಹೇಳಿದಳು.

"ಮಾತಿನ್ಯಾಗ ಮರತೆ, ಬೇಟಿ," ಎಂದಳು ಶರೀಫಾಬೀ. ಅಷ್ಟು ದೊಡ್ಡ ದನಿ ಎತ್ತ ಹೋಯಿತೋ. "ನನ್ನ ಬಾಯಿನ ನನಗ ವೈರಿ. ನಡುವಿಂದು ಛಲೋ ಅದ. ಅದನ್ನ ತಿನಸು."

ಸುಜಾತಾ ನಡುವಿನ ಮೆತ್ತನೆಯದನ್ನು ಚಮಚದಲ್ಲಿ ತೆಗೆದು, ಊದಿ ಆರಿಸಿ, ಮಗನ ಮುಂದೆ ಹಿಡಿದಳು. ಮಿಲಿಂದ ತುಟಿ ಬಿಗಿದ. ಇನ್ನೊಮ್ಮೆ ಹಿಡಿದಳು. ಮುಖವನ್ನು ಅಜ್ಜಿಯ ಹೆಗಲಿಗೆ ಹುದುಗಿಸಿದ. ಕಲಬುರಗಿಯ ಆಸ್ಪತ್ರೆ, ಸೂಜಿ, ಸಲೈನಿನ ಬಾಟಲಿ ಎಲ್ಲ ಕಣ್ಣ ಮುಂದೆ ಬಂದವು.

"ಪಾಲು ಹಾಕವ್ವಾ ಮೊದಲ," ಎಂದಳು ಮಾನಮ್ಮ. ರೂಢಿ ರೂಢಿಯೇ. ಕಾಳು ಬಿತ್ತು, ಗೆಣಸು ಬಿತ್ತು, ಅನ್ವರಬಿಯ ಡಬರಿಯದೊಂದು ತುಂಡು ಬಿತ್ತು. ನಡುವಿನದನ್ನು ಮಗನಿಗೆಂದು ಉಳಿಸಿಕೊಂಡು, ಸುಜಾತಾ ತಗಡಿನ ಅಂಚನ್ನು ಉಗುರಿನಿಂದ ಕಿತ್ತು ಪರಾತದ ಮೂಲೆಯಲ್ಲಿಟ್ಟಳು. ಹೆಂಗಸರೆಲ್ಲ ಸುತ್ತ ಕೂತರು. ದೇವಕಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಎಷ್ಟು ಕೈಗಳು, ತೊಳೆದವೋ ಇಲ್ಲವೋ! ಸುಜಾತಾ ಮಗನನ್ನು ಎತ್ತಿಕೊಳ್ಳಲು ಬಗ್ಗಿದಳು.

ಅಷ್ಟರಲ್ಲಿ ಕುರುಂ ಎಂದು ಸಪ್ಪಳವಾಯಿತು.

ಎಲ್ಲರ ಕೈ ನಿಂತವು. ಮಿಲಿಂದ ಅಂಚಿನ ಒಂದು ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಹೊಸ ಹಲ್ಲುಗಳ ನಡುವೆ ಒತ್ತಿ, ಆ ಸಪ್ಪಳಕ್ಕೆ ತಾನೇ ಬೆರಗಾಗಿ ಕಣ್ಣರಳಿಸಿ ಕೂತಿದ್ದ. ಮತ್ತೆ ಒತ್ತಿದ. ಕುರುಂ.

"ಯಾರೂ ಮಾತಾಡಬ್ಯಾಡ್ರಿ," ಎಂದಳು ದೇವಕಮ್ಮ ತುಟಿ ಅಲುಗಿಸದೆ. "ಅವನ ಕಡಿ ನೋಡಬ್ಯಾಡ್ರಿ."

ಹೆಂಗಸರು ಥಟ್ಟನೆ ತಮ್ಮ ತಮ್ಮ ತುತ್ತಿನ ಕಡೆ ತಿರುಗಿದರು. ಸುಜಾತಾ ಮಾತ್ರ ಬಗ್ಗಿದವಳು ಬಗ್ಗಿದಂತೆಯೇ ನಿಂತಳು. ಇಷ್ಟು ದಿನ ಮೆತ್ತಗೆ, ಇನ್ನೂ ಮೆತ್ತಗೆ ಎಂದು ಅರೆದರೆದು ತಂದಿದ್ದಳು. ಅವನು ಅಗಿಯಲಿಕ್ಕೆ ಕಾಯುತ್ತಿದ್ದನೋ, ಸಪ್ಪಳಕ್ಕೆ ಕಾಯುತ್ತಿದ್ದನೋ, ಯಾರು ಬಲ್ಲರು? ಒಂದು ಪುಟ್ಟ ಬಾಯೊಳಗೆ ಅಷ್ಟು ದೊಡ್ಡ ಸಪ್ಪಳ ಹುಟ್ಟುವುದನ್ನು ಅವಳು ಎಂದೂ ಕೇಳಿರಲಿಲ್ಲ.

ಶರೀಫಾಬೀಯ ಎದೆ ಮತ್ತೆ ಉಬ್ಬಿತು. "ನಾ ಬೇಕಂತನ ಕರಕ ಮಾಡೀನಿ," ಎಂದು ಪಿಸುಗುಟ್ಟಿದಳು.

"ಸುಳ್ಳ ಹೇಳಬ್ಯಾಡ. ಅಲ್ಲಾ ನೋಡಾಕತ್ತಾನ," ಎಂದಳು ದೇವಕಮ್ಮ.

"ಅವನೇ ನನಗ ಮರೆಸಿರಬೇಕಲ್ಲ ಮತ್ತ?"

ಸುಜಾತಾಳಿಗೆ ಅಳುತ್ತಲೇ ನಗು ಬಂತು. ಶರೀಫಾಬೀಯ ಪಕ್ಕದಲ್ಲಿ ನೆಲಕ್ಕೇ ಕೂತು, ಪರಾತದಿಂದ ಮಾನಮ್ಮನ ಕಾಳು ನಾಲ್ಕು ಬಾಯಿಗೆ ಹಾಕಿಕೊಂಡಳು. "ಆ ಪಾವ್ ಏನಾಯ್ತು, ಅಜ್ಜಿ? ನೀರಿಗೆ ಹಾಕಿದ್ದು?"

"ಮುಳುಗತದ ಅನಕೊಂಡೆ. ಮುಳುಗಲಿಲ್ಲ. ತಗ್ಗು ತುಂಬೋತನಕ ಅಲ್ಲೇ ಗಿರಗಿರ ತಿರಗತು. ಯಾರೂ ನೂಕಲಿಲ್ಲ, ಯಾರೂ ಕೈ ಹಚ್ಚಲಿಲ್ಲ. ತುಂಬಿದ ಮ್ಯಾಲ ಅದ ಮುಂದ, ನೀರು ಹಿಂದ. ದೋರನಹಳ್ಳಿ ಕಡಿ ಹೊಂಟು ಹೋತು. ನಾವೆಲ್ಲಾ ದಂಡಿಗುಂಟ ಓಡಿದ್ವಿ. ನಾ ಖಾಲಿ ಬುಟ್ಟಿ ಹಿಡಕೊಂಡು..." ಶರೀಫಾಬೀ ಮಾತು ನಿಲ್ಲಿಸಿ ಭಟ್ಟಿಯ ಬಾಯಿಯ ಕಡೆ ನೋಡಿದಳು. "ಅವತ್ತ ಯಾರಿಗೂ ಪಾವ್ ಮಾರಲಿಲ್ಲ. ಎಲ್ಲಾ ಹಂಚಿಬಿಟ್ಟೆ. ಮಾವ ಮತ್ತ ಬೈದ."

ಕುರುಂ ಸಪ್ಪಳ ನಿಂತಿತು. ಸುಜಾತಾ ಥಟ್ಟನೆ ಮಗನತ್ತ ತಿರುಗಿದಳು. ಅಂಚಿನ ತುಂಡು ಅವನ ಕೈಯಲ್ಲಿರಲಿಲ್ಲ, ನೆಲದ ಮೇಲೂ ಇರಲಿಲ್ಲ. ಕೆನ್ನೆಗೆ ಬೆಲ್ಲದ ಕರಿ ಅಂಟಿಸಿಕೊಂಡ ಮಿಲಿಂದ ಪರಾತದ ಮೂಲೆ ನೋಡಿದ, ಅಲ್ಲಿ ಏನೂ ಉಳಿದಿಲ್ಲವೆಂದು ಕಂಡ. ಬಳಿಕ ಅವ್ವನ ಕಡೆಗಲ್ಲ, ಅಜ್ಜಿಯ ಕಡೆಗೂ ಅಲ್ಲ, ಭಟ್ಟಿಯ ಕಡೆಗೆ ಕೈ ಚಾಚಿದ.

"ಮತ್ತ," ಎಂದ.